ಮೆಣಸ್ಯಾನಿಗೆ ಯಾವ ಶಾಲೆ?

ಜರ್ಸಿ ಸಿಟಿಯಲ್ಲಿ ಹೊಳೆಯ ದಡಕ್ಕಿರುವ ಆ ಎತ್ತರದ ಕಟ್ಟಡದಲ್ಲಿ ತಿಪ್ಪಣ್ಣನವರ ಹೆಸರು ಗೊತ್ತಿದ್ದವರು ಕಡಿಮೆ. ಆದರೆ ಪೆಪ್ಪರನ ಅಜ್ಜ ಎಂದರೆ ಕೆಳಗೆ ಬಾಗಿಲು ಕಾಯುವವನಿಂದ ಹಿಡಿದು ಲಿಫ್ಟಿನಲ್ಲಿ ಸಿಗುವ ಮಕ್ಕಳವರೆಗೆ ಎಲ್ಲರಿಗೂ ಗೊತ್ತು. ಗದಗ ಡಿಪೋದಲ್ಲಿ ಬಸ್ ಕಂಡಕ್ಟರಾಗಿದ್ದು ನಿವೃತ್ತರಾದವರು ಅವರು. ಹೆಂಡತಿ ತೀರಿಕೊಂಡ ಮೇಲೆ ಮಗಳು ನಂದಾಳ ಮನೆಗೆ ಬಂದರು. ನಂದಾ ಆಸ್ಪತ್ರೆಯಲ್ಲಿ ಡಾಕ್ಟರು. ಅಳಿಯ ವಿಜಯ್ ಬೆಂಗಳೂರಿನವನು. ದಿನಾ ಹೊಳೆ ದಾಟಿ ಮ್ಯಾನ್‌ಹಟನ್ನಿನ ಒಂದು ಬ್ಯಾಂಕಿಗೆ ಹೋಗುತ್ತಿದ್ದ. ಇಸವಿ ಎರಡು ಸಾವಿರ ಬಂದಾಗ ಕಂಪ್ಯೂಟರುಗಳು ದಿಕ್ಕು ತಪ್ಪದ ಹಾಗೆ ನೋಡಿಕೊಳ್ಳುವುದು ಅವನ ಕೆಲಸ. ಆ ವರ್ಷ ಅವನು ಮನೆಗೆ ಬರುವ ಹೊತ್ತಿಗೆ ಅನ್ನ ಆರಿರುತ್ತಿತ್ತು.

ಹೀಗಾಗಿ ಹಗಲೆಲ್ಲ ಮನೆಯಲ್ಲಿ ಇಬ್ಬರೇ. ತಿಪ್ಪಣ್ಣನವರು ಒಬ್ಬರು, ನಾಯಿ ಒಂದು.

ಆ ನಾಯಿ ಬಂದದ್ದೂ ಕಂಪ್ಯೂಟರಿನ ಕೃಪೆಯಿಂದಲೇ. ವಿಜಯನ ಜೊತೆ ಕೆಲಸ ಮಾಡುತ್ತಿದ್ದ ಹರಿ ಎಂಬವನಿಗೆ ಕ್ಯಾಲಿಫೋರ್ನಿಯಾದಲ್ಲಿ ಹೊಸ ಕಂಪನಿ ಸಿಕ್ಕಿತು. “ಎರಡೇ ವಾರ ಇಟ್ಕೊಳಪ್ಪ, ಮನೆ ಸಿಕ್ಕಿದ ತಕ್ಷಣ ಕರ್ಕೊಂಡು ಹೋಗ್ತೀನಿ” ಎಂದು ಕಪ್ಪು ಮರಿಯೊಂದನ್ನು ಬಿಟ್ಟು ಹೋದ. ಆ ಕಂಪನಿ ಬಿಟ್ಟು ಇನ್ನೊಂದು ಹಿಡಿದ, ಅದನ್ನು ಬಿಟ್ಟು ಮತ್ತೊಂದು. ಎಲ್ಲ ಕಡೆಯೂ ಅವನಿಗೆ ಶೇರು ಕೊಟ್ಟರು, ನಾಯಿಗೆ ಮಾತ್ರ ಜಾಗ ಸಿಗಲಿಲ್ಲ.

ಹರಿ ಇಟ್ಟಿದ್ದ ಹೆಸರು ಪೆಪ್ಪರ್. “ಮಸಾಲಿ ಡಬ್ಬಿ ಹೆಸರು ನಾಯಿಗೆ ಯಾಕ ಇಟ್ಟಾರವಾ” ಎಂದು ಕೇಳಿದ ತಿಪ್ಪಣ್ಣನವರು, ಇಟ್ಟಿದ್ದೇ ಆದರೆ ನೆಟ್ಟಗೆ ಇಡಬೇಕೆಂದು ಮೆಣಸ್ಯಾ ಎಂದು ಕರೆದರು. ನಾಯಿ ಎರಡಕ್ಕೂ ಓಗೊಡುತ್ತಿತ್ತು. ತಿನ್ನುವುದಿದ್ದರೆ ಮೂರನೆಯದಕ್ಕೂ ಓಗೊಡುತ್ತಿತ್ತು.

ಮೆಣಸ್ಯಾ ಬರುವ ಮುಂಚಿನ ಚಳಿಗಾಲದಲ್ಲಿ ತಿಪ್ಪಣ್ಣನವರು ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು, ಕೆಳಗೆ ಹೋಗುವ ಬಸ್ಸುಗಳ ನೆತ್ತಿ ನೋಡುತ್ತ ಕುಳಿತಿರುತ್ತಿದ್ದರು. ಜೀವನವಿಡೀ ನಿಂತುಕೊಂಡೇ ದುಡಿದ ಮನುಷ್ಯನಿಗೆ ಕುಳಿತು ಕುಳಿತು ಮೊಣಕಾಲು ಹಿಡಿದವು. ನಾಯಿ ಬಂದ ಮೇಲೆ ಬೆಳಗ್ಗೆ ಒಂದು ಟ್ರಿಪ್ಪು, ಸಂಜೆ ಒಂದು ಟ್ರಿಪ್ಪು. ಹೊಳೆ ದಂಡೆಯಲ್ಲಿ ಗೊತ್ತಾದ ಸ್ಟಾಪುಗಳು. ಒಂದೊಂದು ಸ್ಟಾಪಿನಲ್ಲೂ ಮೆಣಸ್ಯಾ ಕಾಲೆತ್ತಬೇಕು, ಇವರು “ರೈಟ್, ರೈಟ್” ಅನ್ನಬೇಕು, ಆಮೇಲೆ ಮುಂದಕ್ಕೆ ಹೊರಡಬೇಕು. ದಾರಿಯಲ್ಲಿ ನಾಯಿಯನ್ನು ಮುಟ್ಟಿ ಮಾತಾಡಿಸುವವರು ಇವರನ್ನೂ ಮಾತಾಡಿಸುತ್ತಿದ್ದರು. ಇವರ ಇಂಗ್ಲಿಷು ಅಷ್ಟಕ್ಕಷ್ಟೇ. ಆದರೆ ನಾಯಿಯ ಬಗ್ಗೆ ಆಡುವುದಕ್ಕೆ ಎಷ್ಟು ಇಂಗ್ಲಿಷು ಬೇಕು. ಊರಿಗೆ ಟಿಕೆಟ್ ತೆಗೆಸು ಎಂದು ಮಗಳ ಹಿಂದೆ ಬೀಳುವುದು ತಾನಾಗಿಯೇ ನಿಂತಿತು.

ಇಂಥ ನಾಯಿಗೆ ಒಂದೇ ಒಂದು ಕೆಟ್ಟ ಚಾಳಿ.

ಭಾನುವಾರ ಮನೆ ತುಂಬ ಜನ ಬಂದರೂ ಅದು ಗುರ್ ಅನ್ನುತ್ತಿರಲಿಲ್ಲ. ಬಾಗಿಲ ಹತ್ತಿರ ಬಿದ್ದ ಚಪ್ಪಲಿ ರಾಶಿಯ ಮೇಲೆ ಹೋಗಿ ಹಾಯಾಗಿ ಮಲಗುತ್ತಿತ್ತು. ಲಿಫ್ಟಿನಲ್ಲಿ ಯಾರು ಬಂದರೂ ಬಾಲ ಅಲ್ಲಾಡಿಸುತ್ತಿತ್ತು. ಆದರೆ ನಲ್ಲಿ ರಿಪೇರಿಯವನೋ ದೀಪ ಹಾಕುವವನೋ ಮನೆಯೊಳಗೆ ಕಾಲಿಟ್ಟನೆಂದರೆ ಮುಗಿಯಿತು, ಮನೆಗೆ ಬೆಂಕಿ ಬಿದ್ದ ಹಾಗೆ ಬೊಗಳುತ್ತಿತ್ತು. ಅಕ್ಟೋಬರಿನಲ್ಲಿ ಸಿಂಕಿನ ಕೆಳಗೆ ನೀರು ಸೋರುತ್ತಿದೆ ಎಂದು ಕಟ್ಟಡದ ಮೇಸ್ತ್ರಿ ಫ್ರಾಂಕ್ ಬಂದಾಗ, ಅವನ ಪ್ಯಾಂಟಿನ ಅಂಚನ್ನು ಹಲ್ಲಲ್ಲಿ ಹಿಡಿದು ಬಾಗಿಲಿನವರೆಗೆ ಜಗ್ಗಿಕೊಂಡು ಹೋಗಿ ಬಿಟ್ಟಿತು. ಕಚ್ಚಲಿಲ್ಲ. ಹೊರಗೆ ಹಾಕಿತು, ಅಷ್ಟೇ.

ಮರುದಿನ ನಂದಾ ಆಸ್ಪತ್ರೆಯಿಂದ ಬಂದವಳೇ ಕೋಟು ಸಹ ತೆಗೆಯದೆ ಕುಳಿತಳು.

“ಅಪ್ಪಾ, ಮ್ಯಾನೇಜರ್ ಬಾಯಿ ಫೋನ್ ಮಾಡಿದ್ಲು. ಡಿಸೆಂಬರದಾಗ ಎಲ್ಲಾ ಮನ್ಯಾಗಿನ ಹೀಟರ್ ಚೆಕ್ ಮಾಡ್ತಾರಂತ, ಹೊಸಾ ವರ್ಷಕ್ಕ ಬಂದ್ ಬೀಳಬಾರದಂತ. ಆವತ್ತೂ ನಾಯಿ ಹಿಂಗ ಮಾಡಿದ್ರ ಬಿಲ್ಡಿಂಗಿನಾಗ ಇಡೂದಿಲ್ಲ ಅಂದ್ಲು.”

“ಆವತ್ತು ನಾ ಅದನ್ನ ಹೊಳಿ ಕಡೆ ಕರ್ಕೊಂಡು ಹೋಗ್ತೀನಿ ಬಿಡು.”

“ಇಲ್ಲ, ನಾಯಿ ಮನ್ಯಾಗ ಇರಬೇಕು, ನಾನ ಬಂದು ನೋಡ್ತೀನಿ ಅಂದಾಳ.” ನಂದಾ ದನಿ ತಗ್ಗಿಸಿದಳು, ನಾಯಿಗೆ ಕೇಳಿಸಬಾರದು ಅನ್ನುವ ಹಾಗೆ. “ನನಗರ ನಾಚಿಕಿ ಬಂದದ ಅಪ್ಪಾ. ನಮ್ಮ ಮಂದಿ ಎಷ್ಟು ಬಂದ್ರೂ ಕಾಲಾಗ ಬಿದ್ದು ಹೊಳ್ಳಾಡ್ತದ. ಬ್ಯಾರೇ ಮಂದಿ ಬಂದ್ರ ಮೈಮ್ಯಾಲೆ ಹೋಗ್ತದ. ನಮ್ಮ ನಾಯಿ ಬಣ್ಣಾ ನೋಡ್ತದೋ ಏನೋ.”

“ನಾಯಿಗೆ ಬಣ್ಣಾ ಕಾಣೂದಿಲ್ಲ ಅಂತ ನೀನ ಹೇಳಿದ್ದಿ.”

“ಅದು ಬ್ಯಾರೆ ಅಪ್ಪಾ.”

ನಾಯಿಯನ್ನು ಶಾಲೆಗೆ ಹಾಕುವುದು ಎಂದು ತೀರ್ಮಾನವಾಯಿತು. ಯಾವ ಶಾಲೆ ಎಂಬುದು ಆ ಭಾನುವಾರ ಪ್ಲೇನ್ಸ್‌ಬರೋದ ಬದರೀನಾಥರ ಮನೆಯ ಊಟದಲ್ಲಿ ಚರ್ಚೆಗೆ ಬಿತ್ತು. ಬದರೀನಾಥರು ಮೈಸೂರಿನವರು, ವಿಜಯನಿಗಿಂತ ಹಿರಿಯರು. ಯಾರ ಮಗುವಿಗೆ ಯಾವ ಕ್ಲಾಸು, ಯಾವ ಕೋಚಿಂಗು ಎಂದು ಎಲ್ಲರೂ ಅವರನ್ನೇ ಕೇಳುವುದು.

“ಅಂಕಲ್, ನನ್ನ ಕೇಳಿದ್ರೆ ರೆಸಿಡೆನ್ಷಿಯಲ್‌ಗೆ ಹಾಕ್ಬಿಡಿ,” ಎಂದರು ಬದರೀನಾಥರು, ಬಿಸಿಬೇಳೆಬಾತಿನ ಮೇಲೆ ತುಪ್ಪ ಹಾಕಿಕೊಳ್ಳುತ್ತ. “ಪೆನ್ಸಿಲ್ವೇನಿಯಾದಲ್ಲಿ ಒಂದು ಫಾರ್ಮ್ ಇದೆ. ಒಂದು ತಿಂಗಳು ಬಿಟ್ಟು ಬನ್ನಿ. ವಾಪಸ್ ಬಂದಾಗ ಬಾಗಿಲು ತೆಗೆದು ಗೆಸ್ಟಿಗೆ ನೀರು ಕೊಡುತ್ತೆ.”

“ನಮ್ಮ ವಿಶ್ರುತ್‌ನ ಒಂದು ವಾರ ಸಮ್ಮರ್ ಕ್ಯಾಂಪಿಗೆ ಬಿಟ್ಟಾಗ ಫೋನ್ ಪಕ್ಕದಲ್ಲೇ ಮಲಗಿದ್ದವರು ಯಾರ್ರೀ?” ಎಂದರು ಅವರ ಹೆಂಡತಿ ಶೈಲಜಾ.

“ಅದು ಮಗ ಕಣೇ, ಇದು ನಾಯಿ.”

“ಅದು ಇನ್ನೂ ಒಳ್ಳೆಯದು. ಹೇಳಿದ ಮಾತಾದರೂ ಕೇಳುತ್ತೆ.”

ಮನೆಗೇ ಬಂದು ಕಲಿಸುವವರಿದ್ದಾರೆ, ಟ್ಯೂಷನ್ ಇದ್ದ ಹಾಗೆ, ಎಂದರು ಒಬ್ಬರು. ಹತ್ತಾರು ನಾಯಿ ಸೇರಿಸಿ ಹೇಳಿಕೊಡುವ ಕ್ಲಾಸೇ ವಾಸಿ, ಪೈಪೋಟಿ ಇರುತ್ತದೆ, ಎಂದರು ಇನ್ನೊಬ್ಬರು. ವಿಜಯ್ ಎಲ್ಲರಿಗೂ ಒಂದೇ ಪ್ರಶ್ನೆ ಹಾಕುತ್ತಿದ್ದ, “ರಿಸಲ್ಟ್ ಹೇಗಿದೆ?” ನಾಯಿ ಯಾವ ವಿಷಯದಲ್ಲಿ ನಪಾಸಾಗಿದೆ ಎಂದು ಮಾತ್ರ ಯಾರೂ ಕೇಳಲಿಲ್ಲ.

ತಿಪ್ಪಣ್ಣನವರು ಊಟ ಮುಗಿಸಿ ಕೈ ತೊಳೆದು ಬಂದು ಹೇಳಿದರು. “ಯಾವ ಸಾಲಿಗಾದ್ರೂ ಹಾಕ್ರಿ. ಸಂಜೀಕ ಮನೀಗೆ ಬರಬೇಕು. ಅಷ್ಟ ನನ್ನ ಮಾತು.”

ಹಾಗಾಗಿ ಹೋಬೋಕೆನ್ನಿನ ಒಂದು ಅಂಗಡಿಯ ಹಿಂದಿನ ಹಾಲ್‌ನಲ್ಲಿ ನಡೆಯುವ ಕ್ಲಾಸಿಗೆ ಸೇರಿಸಿದರು. ಟೀಚರ್ ಡೋರೀನ್ ಎಂಬಾಕೆ. ನರೆತ ಕೂದಲಿನ ಒಂದೇ ಜಡೆ, ದೊಡ್ಡ ಜೇಬಿನ ಅಂಗಿ, ಜೇಬಿನ ತುಂಬ ಚೀಸಿನ ಚೂರು. ಕೂರು ಎಂದಾಗ ಕೂತರೆ ಒಂದು ಚೂರು, ನಿಲ್ಲು ಎಂದಾಗ ನಿಂತರೆ ಒಂದು ಚೂರು. ನಾಯಿಗೆ ಬುದ್ಧಿ ಕಲಿಸುವುದೆಂದರೆ ಕಲ್ಲು ಎತ್ತಿದ ಹಾಗೆ ಮಾಡುವುದು ಎಂದಷ್ಟೇ ತಿಳಿದಿದ್ದ ತಿಪ್ಪಣ್ಣನವರಿಗೆ ಇದು ಸೋಜಿಗ.

“ಇದು ಲಂಚ ಆತಲ್ಲ,” ಎಂದರು ಮನೆಗೆ ಬಂದು.

“ಲಂಚ ಅಲ್ಲಪ್ಪಾ, ಪ್ರೋತ್ಸಾಹ,” ಎಂದಳು ನಂದಾ.

“ನಮ್ಮ ಡಿಪೋದಾಗೂ ಹಂಗ ಅಂತಿದ್ರು.”

ಲಂಚವೋ ಪ್ರೋತ್ಸಾಹವೋ, ಮೆಣಸ್ಯಾ ಕ್ಲಾಸಿಗೇ ಮೊದಲು ಬಂದ. ಅಲ್ಲಿ ಬಿಳಿಯರು, ಕರಿಯರು, ಚೀನಾದವರು ಎಲ್ಲ ಇದ್ದರು. ಎಲ್ಲರ ಕೈಯನ್ನೂ ನೆಕ್ಕಿದ. ಅದನ್ನು ಕೇಳಿ ನಂದಾಳ ಎದೆಯ ಮೇಲಿನ ಕಲ್ಲು ಇಳಿಯಿತು. ಕೊನೆಯ ದಿನ ಅವನ ತಲೆಗೆ ಕಾಗದದ ಟೋಪಿ ಹಾಕಿ, ಫೋಟೋ ಹಿಡಿದು, ಸರ್ಟಿಫಿಕೇಟ್ ಕೊಟ್ಟರು. ವಿಜಯ್ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, “ನಮ್ಮ ಮನೇಲಿ ಫಸ್ಟ್ ರ‍್ಯಾಂಕ್ ಬಂದೋನು ಇವನೊಬ್ಬನೇ” ಎಂದು ಬದರೀನಾಥರಿಗೆ ಫೋನು ಮಾಡಿದ.

ಅದೇ ವಾರ ಕೇಬಲ್ ಟೀವಿಯವನು ಬಂದ. ಹೊರಗೆ ಹಿಮ ಕರಗಿ ಕೆಸರಾಗಿತ್ತು. ಅವನು ಒಳಗೆ ಬಂದದ್ದೇ ತಡ, ಮೊದಲ ರ‍್ಯಾಂಕಿನ ವಿದ್ಯಾರ್ಥಿ ಕಲಿತದ್ದನ್ನೆಲ್ಲ ಕ್ಲಾಸಿನಲ್ಲೇ ಬಿಟ್ಟು ಬಂದವನ ಹಾಗೆ ಎರಗಿದ. ಹೆದರಿದ ಮನುಷ್ಯ ಬೂಟು ಸಮೇತ ಸೋಫಾ ಹತ್ತಿ ನಿಂತ. ತಿಪ್ಪಣ್ಣನವರು ನಾಯಿಯನ್ನು ಹಿಡಿಯುವುದು ಬಿಟ್ಟು “ಏ, ಏ, ಸೋಫಾ” ಎಂದು ಕೈ ಚಾಚಿದರು. ಮೆಣಸ್ಯಾನಿಗೆ ಇನ್ನಷ್ಟು ಹುರುಪು ಬಂತು.

ಸಂಜೆ ವಿಜಯ್ ಮಾವನ ಎದುರು ಕುಳಿತು, ಹೇಳಲಾರದೆ ಹೇಳಿದ. “ಮಾವ, ನಾನು ಪೆನ್ಸಿಲ್ವೇನಿಯಾದವರ ಹತ್ರ ಮಾತಾಡಿದೀನಿ. ಶನಿವಾರ ವ್ಯಾನ್ ಕಳಿಸ್ತಾರೆ. ಒಂದೇ ತಿಂಗಳು. ಇಲ್ಲಾಂದ್ರೆ ಪೂರ್ತಿ ಕಳ್ಕೋತೀವಿ.”

“ಅಲ್ಲಿ ಕುದುರಿ, ಹುಲ್ಲು, ಹೊಲ. ಅಲ್ಲಿ ಕಲಿತದ್ದು ಲಿಫ್ಟ್ ಹತ್ತಿ ಮ್ಯಾಲೆ ಬರ್ತದೇನ್ರೀ ವಿಜಯ್ ಅವರ? ಹೋಬೋಕೆನ್ನಿಂದನ ಬರಲಿಲ್ಲ.”

ಮೆಣಸ್ಯಾ ಇಬ್ಬರ ನಡುವೆ ಮಲಗಿ ಅಂಗಾತ ಹೊರಳಿ ಹೊಟ್ಟೆ ತೋರಿಸುತ್ತಿದ್ದ. ಒಂದು ತಿಂಗಳು ಎಂದು ಹೋದ ಮೇಲೆ ಬೇರೆ ನಾಯಿಯಾಗಿ ಬಂದರೆ ಏನು ಮಾಡುವುದು ಎಂದು ತಿಪ್ಪಣ್ಣನವರಿಗೆ ಅಂಜಿಕೆ. ಎರಡು ವಾರಕ್ಕೆಂದು ಬಂದದ್ದು ಹೇಗೆ ಉಳಿಯಿತೋ, ತಿಂಗಳಿಗೆಂದು ಹೋದದ್ದು ಹಾಗೆಯೇ ಉಳಿದುಬಿಡಬಹುದು ಎಂದು ಇನ್ನೊಂದು ಅಂಜಿಕೆ.

ಮಾರನೆಯ ಬೆಳಗ್ಗೆ ಅವರು ನಾಯಿಯನ್ನು ಕಟ್ಟಿಕೊಂಡು ನಡೆದೇ ಹೋಬೋಕೆನ್ನಿಗೆ ಹೋದರು. ಡೋರೀನ್ ಹಾಲ್‌ನ ಕಸ ಗುಡಿಸುತ್ತಿದ್ದಳು. ತಮ್ಮ ಇಂಗ್ಲಿಷಿನಲ್ಲಿ ಎಷ್ಟಾಗುತ್ತದೋ ಅಷ್ಟು ಹೇಳಿ, ಮಿಕ್ಕದ್ದನ್ನು ಮಾಡಿ ತೋರಿಸಿದರು. ತಾವೇ ಮೇಸ್ತ್ರಿಯಾದರು, ತಾವೇ ನಾಯಿಯಾಗಿ ತಮ್ಮ ಪ್ಯಾಂಟನ್ನು ತಾವೇ ಜಗ್ಗಿದರು, ಕೊನೆಗೆ ವ್ಯಾನಾಗಿ ಹೊರಟು ಹೋದರು. ಡೋರೀನ್ ಕಸಬರಿಗೆ ಗೋಡೆಗೊರಗಿಸಿ ನಂದಾಳಿಗೆ ಫೋನು ಮಾಡಿದಳು. ನಾಯಿ ನನ್ನ ಕ್ಲಾಸಿನಲ್ಲಿ ತಪ್ಪು ಮಾಡುವುದಿಲ್ಲ, ನಿಮ್ಮ ಮನೆಯಲ್ಲಿ ಮಾಡುತ್ತದೆ, ಹಾಗಾದರೆ ನೋಡಬೇಕಾದ್ದು ನಿಮ್ಮ ಮನೆಯನ್ನು, ನಾಳೆ ಬರುತ್ತೇನೆ, ರಿಪೇರಿಯವರು ಹೇಗೆ ಬರುತ್ತಾರೋ ಹಾಗೆಯೇ ಬರುತ್ತೇನೆ, ಎಂದಳು.

ಶುಕ್ರವಾರ ಮೂವರೂ ಮನೆಯಲ್ಲಿದ್ದರು. ಬಾಗಿಲಿನ ಗಂಟೆ ಸದ್ದಾಯಿತು. ಡೋರೀನ್ ದಪ್ಪ ಬೂಟು ಹಾಕಿಕೊಂಡು ನಿಂತಿದ್ದಳು. “ಪ್ಲೀಸ್ ಕಮ್, ಇಟ್ಸ್ ಓಕೆ, ಇಟ್ಸ್ ಓಕೆ” ಎಂದು ಗಂಡ ಹೆಂಡತಿ ಒಂದೇ ಉಸಿರಿಗೆ ಕರೆದರು. ಅವಳ ಒಂದು ಕಾಲು ಒಳಗೆ ಬಿತ್ತು. ತನಗೆ ಚೀಸು ತಿನ್ನಿಸಿದ ಗುರು ಎಂಬುದನ್ನೂ ನೋಡದೆ ಮೆಣಸ್ಯಾ ಹಾರಿ ಬೊಗಳಿದ. ಅವಳು ಹೊರಗೆ ಹೋದಳು. ಬೂಟು ಬಿಚ್ಚಿ ಬರಿಯ ಕಾಲುಚೀಲದಲ್ಲಿ ಬಂದಳು. ಮೆಣಸ್ಯಾ ಬಾಲ ಅಲ್ಲಾಡಿಸಿ ಕಾಲು ನೆಕ್ಕಿದ. ಮತ್ತೆ ಬೂಟು ಹಾಕಿ ಬಂದಳು. ಮತ್ತೆ ಬೆಂಕಿ ಬಿತ್ತು. ಈ ಸಲ ಅವಳು ನಾಯಿಯ ಕಡೆ ನೋಡಲೇ ಇಲ್ಲ, ಮನೆಯವರ ಮೂರು ಮುಖವನ್ನು ಒಂದೊಂದಾಗಿ ನೋಡಿದಳು. ನೋಡಿ, ಚಪ್ಪಲಿ ಗೂಡಿನ ಪಕ್ಕದ ಸ್ಟೂಲಿನ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ಏನಂತ?” ಎಂದರು ತಿಪ್ಪಣ್ಣನವರು.

ನಂದಾ ಕೆಂಪಾಗಿದ್ದಳು. “ಆಕಿ ಒಳಗ ಕಾಲಿಟ್ಟಾಗ ನಾವು ಯಾರೂ ಆಕಿ ಮಾರಿ ನೋಡಲಿಲ್ಲಂತ ಅಪ್ಪಾ. ಮೂರೂ ಮಂದಿ ಕಾಲು ನೋಡಿದ್ವಂತ.”

“ನಾ ಎಲ್ಲಿ ನೋಡೀನಿ?”

“ನೀ ಉಸರು ಹಿಡದು ನಿಂತಿದ್ದಿ ಅಂತಾಳ. ಇವರು ಬಾಯಿಲೆ ಓಕೆ ಅಂದ್ರು, ಹುಬ್ಬು ಓಕೆ ಅನ್ನಲಿಲ್ಲಂತ. ನಾ ಅಂತೂ ಬಾಗಲದಿಂದ ಇಲ್ಲೀತನಕಾ ನೆಲಾ ನೋಡಕೋತ ಬಂದೆ.” ನಂದಾ ಡೋರೀನಳ ಮುಂದಿನ ಮಾತು ಕೇಳಿ ತಾನೂ ನಗಲು ಶುರು ಮಾಡಿದಳು. “ನೀವು ಭಾಳ ಮರ್ಯಾದಸ್ಥರು, ಬೂಟು ಬಿಚ್ಚು ಅಂತ ಬಾಯಿ ಬಿಟ್ಟು ಹೇಳೂದಿಲ್ಲ. ನಿಮ್ಮ ಪರವಾಗಿ ನಾಯಿ ಹೇಳ್ತದ, ಅಂತಾಳ.”

ತಿಪ್ಪಣ್ಣನವರು ಕುಳಿತುಕೊಂಡರು. ಫ್ರಾಂಕ್ ಬಂದು ಹೋದ ದಿನ ಬಕೆಟ್ಟಿಗೆ ಫಿನೈಲು ಹಾಕಿಕೊಂಡು, ಬಾಗಿಲಿನಿಂದ ಅಡುಗೆಮನೆಯವರೆಗೆ ಹೆಜ್ಜೆ ಹೆಜ್ಜೆಗೂ ಬೈಯುತ್ತ ನೆಲ ಒರೆಸಿದ್ದು ನೆನಪಾಯಿತು. ಅದಕ್ಕೆ ಹಿಂದೆ ದೀಪದವನು ಬಂದು ಹೋದಾಗಲೂ ಅದೇ. ಆಗೆಲ್ಲ ಮೆಣಸ್ಯಾ ಪಕ್ಕದಲ್ಲೇ ಕುಳಿತು, ಕಿವಿ ನಿಗುರಿಸಿ, ಒಂದು ಮಾತೂ ಬಿಡದ ಹಾಗೆ ಕೇಳಿದ್ದ. ಹೋಬೋಕೆನ್ನಿಗೆ ಸೇರುವ ಮೊದಲೇ ಅವನ ಶಾಲೆ ಈ ಮನೆಯಲ್ಲಿ ನಡೆದು ಮುಗಿದಿತ್ತು.

“ಅಂದ್ರ ಮಾಸ್ತರ ನಾನ,” ಎಂದರು.

ಮದ್ದು ಸುಲಭ, ಎಂದಳು ಡೋರೀನ್. ಮನೆಯವರಲ್ಲೇ ಒಬ್ಬರು ದಿನಾ ಬೂಟು ಹಾಕಿಕೊಂಡು ಒಳಗೆ ಬರಬೇಕು. ಬಂದ ಕೂಡಲೇ ನಾಯಿಗೆ ಚೀಸು. ಉಳಿದವರು ಕೆಳಗೆ ನೋಡಬಾರದು, ಉಸಿರು ಹಿಡಿಯಬಾರದು. ನಾಯಿಯ ಎದುರು ನೆಲ ಒರೆಸಬಾರದು. ಯಾರು ಹಾಕಿಕೊಳ್ಳಬೇಕು ಎಂದದ್ದಕ್ಕೆ ಅವಳು ತಿಪ್ಪಣ್ಣನವರ ಕಡೆ ಬೆರಳು ತೋರಿಸಿದಳು. ನಾಯಿ ಏನೇ ಆದರೂ ಮೊದಲು ನೋಡುವುದು ಇವರ ಮುಖವನ್ನು.

“ಸಾಧ್ಯ ಇಲ್ಲ,” ಎಂದರು ತಿಪ್ಪಣ್ಣನವರು. “ಹುಟ್ಟಿದಾಗಿಂದ ಮೆಟ್ಟು ಮೆಟ್ಟಿಕೊಂಡು ಹೊಸ್ತಿಲ ದಾಟಿದವ ಅಲ್ಲ ನಾನು. ಎದುರಿಗೇ ಅಡಗಿಮನ್ಯಾಗ ದೇವರ ಗೂಡು ಅದ.”

“ಮಾವ,” ಎಂದ ವಿಜಯ್ ಮೆತ್ತಗೆ, “ಪೆನ್ಸಿಲ್ವೇನಿಯಾ.”

ಶನಿವಾರದ ವ್ಯಾನನ್ನು ಬೇಡವೆಂದು ಹೇಳಿ, ಅದೇ ಬೆಳಗ್ಗೆ ಪಾಠ ಆರಂಭಿಸಿದರು. ತಿಪ್ಪಣ್ಣನವರು ಮೊದಲು ಅಡುಗೆಮನೆಗೆ ಹೋಗಿ ದೇವರ ಗೂಡಿನ ಮೇಲೆ ದಪ್ಪನೆಯ ಟವೆಲ್ಲು ಇಳಿಬಿಟ್ಟರು. “ಒಂದೀಟು ದಿನ ಈ ಕಡೆ ನೋಡಬ್ಯಾಡಪಾ. ಕಾರಣ ಅದ” ಎಂದು ಕೈ ಮುಗಿದರು. ಆಮೇಲೆ ವಿಜಯನ ಹಿಮದ ಬೂಟು ಹಾಕಿಕೊಂಡು ಹೊರಗೆ ಹೋಗಿ ಗಂಟೆ ಬಾರಿಸಿದರು.

ಬಾಗಿಲು ತೆರೆಯಿತು. ಒಂದು ಕಾಲು ಎತ್ತಿದರು. ಕಾಲು ಒಳಗೆ ಹೋಗಲಿಲ್ಲ. ಕೆಳಗೂ ಇಳಿಯಲಿಲ್ಲ. ಎದುರು ಮನೆಯ ಹೆಂಗಸು ಬಟ್ಟೆ ಬುಟ್ಟಿ ಹಿಡಿದು ಬಂದವಳು, ಒಂಟಿ ಕಾಲಲ್ಲಿ ನಿಂತ ಅಜ್ಜನನ್ನು ಕಂಡು “ಯೋಗ?” ಎಂದು ಕೇಳಿದಳು. ಇವರು ಹೌದೆಂದು ತಲೆಯಾಡಿಸಿದರು. ಅವಳು ದಾಟಿ ಹೋದ ಮೇಲೆ ಕಣ್ಣು ಮುಚ್ಚಿ ಕಾಲು ಇಳಿಸಿದರು.

ಮೆಣಸ್ಯಾ ಬೊಗಳಲೂ ಮರೆತು ನಿಂತ. ಬೂಟು ನೋಡಿದ, ಮುಖ ನೋಡಿದ, ಮತ್ತೆ ಬೂಟು ನೋಡಿದ. ಊರಿನ ಪಂಚರೇ ಬೇಲಿ ಹಾರಿದ್ದನ್ನು ಕಂಡವನ ಹಾಗಿತ್ತು ಅವನ ಕಣ್ಣು. ಆಮೇಲೆ ನೊಂದು ಎರಡು ಸಲ ಬೊಗಳಿದ. ತಿಪ್ಪಣ್ಣನವರ ಕೈಯಿಂದ ಚೀಸು ಬಿತ್ತು. ತಿಂದ. ತಿನ್ನುತ್ತಲೇ ಗುರುಗುಟ್ಟಿದ.

ದಿನ ಕಳೆದ ಹಾಗೆ ಗುರುಗುಟ್ಟುವುದು ಸಣ್ಣದಾಯಿತು. ತಿಪ್ಪಣ್ಣನವರು ಬೂಟು ಹಾಕಿಕೊಂಡೇ ಸೋಫಾದ ಮೇಲೆ ಕುಳಿತು ಚಹಾ ಕುಡಿಯುವಷ್ಟು ಗಟ್ಟಿಯಾದರು. ನಂದಾ ಟೀವಿಯ ಮೇಲೆ ಕಣ್ಣು ನೆಟ್ಟು ಕೂರಲು ಕಲಿತಳು. ಹಿಂದೆ ಬಿದ್ದವನು ವಿಜಯ್. ಎಷ್ಟು ಹೇಳಿದರೂ ಅವನ ಕಣ್ಣು ಸುತ್ತಿ ಬಳಸಿ ಕಾರ್ಪೆಟ್ಟಿಗೇ ಬರುತ್ತಿತ್ತು.

“ವಿಜಯ್ ಅವರ, ಮತ್ತ ಕೆಳಗ ನೋಡಿದ್ರಿ.”

“ಇಲ್ಲ ಮಾವ.”

“ಮೆಣಸ್ಯಾ ನೋಡ್ಯಾನ.”

ಡಿಸೆಂಬರಿನ ಆ ದಿನ ಬಂತು. ನಂದಾ ಡ್ಯೂಟಿಯಲ್ಲಿ, ವಿಜಯ್ ಬ್ಯಾಂಕಿನಲ್ಲಿ. ಮನೆಯಲ್ಲಿ ಗುರುವೂ ಶಿಷ್ಯನೂ ಮಾತ್ರ. ತಿಪ್ಪಣ್ಣನವರು ಅಂಗೈಯಲ್ಲಿ ಚೀಸು ಹಿಡಿದು ಬಾಗಿಲು ತೆರೆದರು. ಮ್ಯಾನೇಜರ್ ಹೆಂಗಸು, ಅವಳ ಹಿಂದೆ ಫ್ರಾಂಕ್, ಅವನ ಹಿಂದೆ ಹೀಟರಿನವನು. ಇವರು ಮುಖ ನೋಡಬೇಕೆಂದು ಎಷ್ಟು ಗಟ್ಟಿ ಮನಸ್ಸು ಮಾಡಿದ್ದರೂ ಸರ್ ಸರ್ ಎಂಬ ಸದ್ದಿಗೆ ಕಣ್ಣು ತಾನಾಗಿಯೇ ಕೆಳಗಿಳಿಯಿತು. ಇದು ನೆಲದ ಬಗ್ಗೆ ಕಟ್ಟುನಿಟ್ಟಿನ ಮನೆ ಎಂದು ಆ ಹೆಂಗಸಿಗೂ ಗೊತ್ತಾಗಿತ್ತೋ ಏನೋ, ಮೂವರ ಬೂಟಿನ ಮೇಲೂ ನೀಲಿ ಪ್ಲಾಸ್ಟಿಕ್ಕಿನ ಚೀಲ ಏರಿಸಿಕೊಂಡು ಬಂದಿದ್ದರು.

ಇದರ ಪಾಠ ಆಗಿರಲಿಲ್ಲ.

ಮೆಣಸ್ಯಾ ಎದ್ದು ಬಂದ. ಮೂಸಿದ. ಪ್ಲಾಸ್ಟಿಕ್ಕು ಸದ್ದು ಮಾಡಿತು. ಬೆನ್ನಿನ ಕೂದಲು ನಿಗುರಿತು. ಫ್ರಾಂಕ್ ಪ್ಯಾಂಟಿನ ಅಂಚು ಹಿಡಿದುಕೊಂಡು ಗೋಡೆಗೆ ಅಂಟಿದ. ನಾಯಿ ಯಾರ ಕಡೆಯೂ ನೋಡದೆ ತಲೆ ಹೊರಳಿಸಿ ತಿಪ್ಪಣ್ಣನವರ ಮುಖ ನೋಡಿತು.

ತಿಪ್ಪಣ್ಣನವರಿಗೂ ತಿಳಿಯದು. ಒಳಗಿರುವುದು ಬೂಟು, ಅದರಲ್ಲಿ ಸಂಶಯವಿಲ್ಲ. ಆದರೆ ನೆಲ ಮುಟ್ಟುತ್ತಿರುವುದು ಬೂಟಲ್ಲ. ಬೂಟು ಹಾಕಿಕೊಂಡು ಬಂದರು ಎನ್ನಬೇಕೋ, ಬಿಟ್ಟು ಬಂದರು ಎನ್ನಬೇಕೋ. ಹಿರಿಯರನ್ನು ಕೇಳೋಣವೆಂದರೆ ಮನೆಯಲ್ಲಿ ಹಿರಿಯರು ತಾವೇ. ದೇವರ ಮುಖಕ್ಕೆ ಟವೆಲ್ಲು. ಉಸಿರು ಎದೆಯಲ್ಲಿ ಕಟ್ಟಿಕೊಂಡಿರುವುದು ಆಗ ಅವರಿಗೇ ಗೊತ್ತಾಯಿತು. ಮೆಲ್ಲಗೆ ಬಿಟ್ಟರು.

“ನಡೀತದ ಬಿಡು, ಮೆಣಸ್ಯಾ,” ಎಂದರು.

ಮೆಣಸ್ಯಾನ ಬೆನ್ನು ಇಳಿಯಿತು. ಸೀನಿದ. ಚೀಸು ತಿಂದ. ಹೋಗಿ ಹೀಟರಿನ ಎದುರಿಗೇ ಉದ್ದಕ್ಕೆ ಮಲಗಿದ. ಹೀಟರಿನವನು ಅವನ ಮೇಲಿಂದ ಕೈ ಚಾಚಿಕೊಂಡೇ ಕೆಲಸ ಮುಗಿಸಬೇಕಾಯಿತು. ಏಳು ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ, ಅಗತ್ಯವೂ ಬೀಳಲಿಲ್ಲ.

ಹೊರಡುವಾಗ ಮ್ಯಾನೇಜರ್ ಹೆಂಗಸು ಬಾಗಿ ಮೆಣಸ್ಯಾನ ತಲೆ ಸವರಿದಳು. ನಾಯಿ ಇರಲಿ, ತನ್ನದೇನೂ ತಕರಾರಿಲ್ಲ ಎಂದಳು. ಇಷ್ಟು ಬೇಗ ಹೇಗೆ ಕಲಿತ ಎಂದು ಕೇಳಿದಳು.

ತಿಪ್ಪಣ್ಣನವರು ತಮ್ಮ ಇಂಗ್ಲಿಷನ್ನೆಲ್ಲ ಒಟ್ಟು ಮಾಡಿಕೊಂಡರು.

“ಡಾಗ್, ಫಸ್ಟ್ ಕ್ಲಾಸ್,” ಎಂದರು. “ಸನ್ ಇನ್ ಲಾ, ಸ್ಟಿಲ್ ಲರ್ನಿಂಗ್.”